ಚಿಕ್ಕಮ್ಮನ ಲೈಸೆನ್ಸು

ಮಗಳ ಯೂನಿಫಾರ್ಮಿನ ಕಾಲರಿಗೆ ಅವಳು ಇಸ್ತ್ರಿ ಒತ್ತುತ್ತಿದ್ದಾಗ ಫೋನಿಗೆ ಸಂದೇಶ ಬಂತು. ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರನೇ ಸಲವೂ ಫೇಲು. ಕಾರಣ: ಕನ್ನಡಿ ನೋಡಿದ್ದು ಸಾಲದು. ಅವಳಿಗೆ ಮೈಯೆಲ್ಲ ಉರಿಯಿತು. ತನ್ನ ದೇಶದಲ್ಲಿ ಹತ್ತು ವರ್ಷ ಕಾರು ಓಡಿಸಿದವಳು ಅವಳು. ಇಲ್ಲಿಯ ಕಾನೂನು ಮಾತ್ರ ಬೇರೆ. ಸುತ್ತಾಡಲು ಬಂದವರು ತಮ್ಮೂರ ಲೈಸೆನ್ಸು, ಇಂಟರ್‌ನ್ಯಾಷನಲ್ ಪರ್ಮಿಟ್ಟು ಹಿಡಿದು ಒಂದು ವರ್ಷ ಓಡಿಸಬಹುದು. ನೆಲೆಸಿದವರು ಇಲ್ಲಿಯ ಪರೀಕ್ಷೆ ಪಾಸಾಗಲೇಬೇಕು. ಮೊನ್ನೆ ಸುತ್ತಾಡಲು ಬಂದಿಳಿದ ತಂಗಿಗೆ ರಸ್ತೆ ಉಂಟು, ಆರು ವರ್ಷದಿಂದ ಇರುವ ಅಕ್ಕನಿಗಿಲ್ಲ.

ಎರಡು ಬಸ್ಸು ಬದಲಿಸಿ ಮಗಳು ಶಾಲೆ ಸೇರುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ಇನ್ನೊಂದು ದಿನ ತಡವಾದರೆ ಸೀಟು ಬೇರೆ ಮಗುವಿಗೆ ಎಂದು ಹೆಡ್‌ಮಿಸ್ ಬರೆದೂ ಆಗಿತ್ತು. ಗಂಡ ಪರವೂರಿನ ಕೆಲಸದಲ್ಲಿದ್ದ. ಕಾರು ಕಿಟಕಿಯ ಕೆಳಗೆ ಸುಮ್ಮನೆ ನಿಂತಿತ್ತು.

“ನಿನ್ ಹತ್ರ ಗಾಡಿ ಲೈಸೆನ್ಸ್ ಇದೆಯೇನೇ?”

“ಇದೆಯಕ್ಕಾ. ಇಲ್ಲಿ ಬಾಡಿಗೆಗೆ ಗಾಡಿ ಸಿಗತ್ತೆ ಅಂದ್ರಲ್ಲ, ಪರ್ಮಿಟ್ಟೂ ಮಾಡಿಸ್ಕೊಂಡೇ ಬಂದೆ. ಆದ್ರೆ ಈ ಟ್ರಾಫಿಕ್ ನೋಡಿ ಜೀವ ಬಾಯಿಗೆ ಬಂತು. ನಾನಂತೂ ಮುಟ್ಟಲ್ಲಪ್ಪ!”

“ಮುಟ್ಬೇಡ ಬಿಡು. ಆರಾಮಾಗಿ ಮಲಗು,” ಎಂದಳು ಅಕ್ಕ, ತುಂಬ ಅಕ್ಕರೆಯಿಂದ.

ಇಬ್ಬರದೂ ಅಪ್ಪನ ಮೂಗು. ಉಳಿದದ್ದನ್ನು ತಂಗಿಯಂಥದೇ ಕನ್ನಡಕವೂ ಬೈತಲೆಯೂ ನೋಡಿಕೊಂಡವು. ತಂಗಿಯ ಸಹಿಯನ್ನು ಅಕ್ಕ ಹಳೆಯ ಪತ್ರಿಕೆಯ ಅಂಚಿನಲ್ಲಿ ನಲವತ್ತು ಸಲ ಬರೆದಳು. ಹುಟ್ಟಿದ ದಿನ, ಬಂದ ದಿನ, ವಿಮಾನದ ನಂಬರು ಬಾಯಿಪಾಠವಾಯಿತು. ಮೊನ್ನೆ ಬಂದವಳಿಗೆ ಇಲ್ಲಿಯ ಭಾಷೆ ಬರಬಾರದು. ಆದ್ದರಿಂದ ಯಾರು ಏನು ಕೇಳಿದರೂ ಪಿಳಿಪಿಳಿ ನೋಡುವುದೆಂದು ತೀರ್ಮಾನಿಸಿದಳು.

ಮರುದಿನ ತಂಗಿ ಏಳುವ ಮೊದಲೇ ಅವಳ ಪಾಸ್‌ಪೋರ್ಟು, ಲೈಸೆನ್ಸು, ಪರ್ಮಿಟ್ಟು ಅಕ್ಕನ ಚೀಲಕ್ಕೆ ಬಂದವು.

“ಕಾರಲ್ಲಿ ನಾನ್ಯಾರು?” ಮಗಳ ಜಡೆ ಹೆಣೆಯುತ್ತ ಕೇಳಿದಳು.

“ಚಿಕ್ಕಮ್ಮ.”

“ಅಮ್ಮ ಎಲ್ಲಿ?”

“ಮನೇಲಿ ಬಿದ್ಕೊಂಡಿದಾಳೆ. ಸೋಮಾರಿ.”

“ಸೋಮಾರಿ ಬೇಡ ಕಣೇ.”

ದಾರಿಯುದ್ದಕ್ಕೂ ಎಲ್ಲರ ಕಣ್ಣೂ ತನ್ನ ಮೇಲೇ ಇದ್ದಂತೆನಿಸಿತು. ನಾಯಿ ಹಿಡಿದು ನಿಂತ ಪಕ್ಕದ ಮನೆಯಾಕೆ ಯಾಕಷ್ಟು ಹೊತ್ತು ನೋಡಿದಳು? ಹಿಂದಿನ ಬಿಳಿ ಕಾರು ಎರಡು ತಿರುವಾದರೂ ಯಾಕೆ ಬಿಡಲಿಲ್ಲ? ಈ ಸಲ ಕನ್ನಡಿಯನ್ನು ಬೇಕಾದಷ್ಟು ನೋಡಿದಳು.

ಸೇತುವೆಯ ಬಳಿ ಪೊಲೀಸಮ್ಮ ಕೈ ಅಡ್ಡ ಹಿಡಿದಳು. ಫೋಟೊ ನೋಡಿದಳು, ಮುಖ ನೋಡಿದಳು. ಪಾಸ್‌ಪೋರ್ಟಿನ ಮುದ್ರೆ ನೋಡಿ ತಲೆದೂಗಿದಳು. ಶಾಲೆಯ ಗಂಟೆಗೆ ಇನ್ನೂ ಹನ್ನೆರಡು ನಿಮಿಷವಿತ್ತು.

ಪೊಲೀಸಮ್ಮ ಪರ್ಮಿಟ್ಟಿನ ಕೊನೆಯ ಪುಟ ತಿರುಗಿಸಿ, ಅಲ್ಲೊಂದು ಸಣ್ಣ ಚಿತ್ರದ ಮೇಲೆ ಬೆರಳಿಟ್ಟು ಏನೋ ಕೇಳಿದಳು. ಅಕ್ಕನಿಗೆ ಪ್ರತಿ ಮಾತೂ ಅರ್ಥವಾಯಿತು. ಅರ್ಥವಾಗದವಳಂತೆ ನಕ್ಕಳು. ಪೊಲೀಸಮ್ಮ ಹಿಂದಿನ ಸೀಟಿನತ್ತ ಬಾಗಿ, ಇವರಿಗೆ ನಿಮ್ಮ ಭಾಷೆಯಲ್ಲಿ ಹೇಳು ಪುಟ್ಟೀ ಎಂದಳು. ಮಗಳು ಪುಟ ನೋಡಿದಳು, ಅಮ್ಮನನ್ನು ನೋಡಿದಳು, ಮತ್ತೆ ಪುಟ ನೋಡಿದಳು. ಕೊನೆಗೆ ಜೋರಾಗಿಯೇ ಕೇಳಿದಳು: “ಚಿಕ್ಕಮ್ಮಾ, ಇದ್ರಲ್ಲಿ ಸೀಲ್ ಹಾಕಿರೋದು ಸ್ಕೂಟರ್ ಗಾಡಿಗೆ ಮಾತ್ರ ಅಂತೆ. ಮತ್ತೆ ನೀನ್ಯಾಕೆ ಕಾರು ಓಡಿಸ್ತಿದೀಯಾ?”