ಅವ್ವನ ನಂಬರಿಗೆ ಹೋದ ಮಾತು

ಮಣ್ಣಿನಿಂದ ಮಡಕೆ ಹೊರಬಂದಾಗ ಅದರ ಬಾಯಿಗೆ ಕಟ್ಟಿದ್ದ ಬಟ್ಟೆ ಹಾಗೇ ಇತ್ತು. ಕಾಂಚನಾ ದಾರಕ್ಕೆ ಹಾಕಿದ್ದು ನರ್ಸಿಂಗ್ ಓದುವಾಗ ಕಲಿತ ಗಂಟು. ಅದೂ ಸಡಿಲವಾಗಿರಲಿಲ್ಲ. ಒಳಗಿದ್ದ ಅರಿಶಿನ ಬಟ್ಟೆಯ ಪೊಟ್ಟಣ ಬಿಚ್ಚಿದರೆ ಅವ್ವನ ಕಾಸಿನ ಸರವಿಲ್ಲ, ಬರೀ ಬೆಣಚುಕಲ್ಲು.

"ಹೋತಲ್ಲಕ್ಕ!" ಎಂದು ತಮ್ಮ ಚಿರಂಜೀವಿ ತಲೆ ಚಚ್ಚಿಕೊಂಡ. ದನ ಮೇಯುವ ಬಯಲು ವರವು ಕಾವಲಿನ ಒಣಹುಲ್ಲಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಇದ್ದವನು ಚಿಕ್ಕೀರಪ್ಪ ಒಬ್ಬನೇ. ಪಕ್ಕದ ಹಟ್ಟಿಯವನು, ದನ ಮೇಯಿಸುತ್ತಿದ್ದ. ಚಿರಂಜೀವಿ ಓಡಿಹೋಗಿ ಅವನ ಕೊರಳಪಟ್ಟಿ ಹಿಡಿದ. "ಲೇ, ವಾರದಿಂದ ಇಲ್ಲೇ ಸುತ್ತಾಡ್ತಿದೀಯ. ನೀನೇ ತೆಗೆದಿರೋದು!" ಹಟ್ಟಿಯ ಚಹಾದಂಗಡಿಯ ಮುಂದೆ, ಊರವರೆಲ್ಲ ನೋಡುತ್ತಿದ್ದಂತೆ ಅವನನ್ನು ಠಾಣೆಗೆ ಎಳೆದುಕೊಂಡು ಹೋದ.

ಠಾಣೆಯಲ್ಲಿ ಚಿರಂಜೀವಿ ಬೇರೆಯೇ ಮಾತು ಹೇಳಿದ. "ಅಕ್ಕ ದೇವರಿಗೆ ಹೋಗುವಾಗ ಕೈಚೀಲದಾಗಿದ್ದ ಸರ ಕಿತ್ಕಂಡ ಸಾರ್." ಸಬ್‌ಇನ್‌ಸ್ಪೆಕ್ಟರು ಕಾಂಚನಾಳ ಕಡೆ ನೋಡಿದರು. ಐರ್ಲೆಂಡಿನ ಗಾಲ್ವೇ ಊರಿನಲ್ಲಿ ನರ್ಸ್ ಆಗಿರುವವಳು, ಯಾವನೋ ಅಜ್ಜಯ್ಯನ ಮಾತು ಕೇಳಿ ಚಿನ್ನವನ್ನು ನೆಲದಲ್ಲಿ ಹೂತೆ ಅಂತ ಯಾವ ಬಾಯಲ್ಲಿ ಹೇಳುವುದು?

"ಹೌದು," ಎಂದಳು.

ಚಿಕ್ಕೀರಪ್ಪ ಅವಳನ್ನು ಸುಮ್ಮನೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳು ತಲೆ ತಗ್ಗಿಸಿದಳು.

ಮಾರನೆಯ ದಿನ ಬೆಳಿಗ್ಗೆ ಕೊಂಡ್ಲಹಳ್ಳಿಯ ತಮ್ಮನ ಮನೆಗೆ ದೊಡ್ಡಪಾಲಯ್ಯನವರು ಬಂದರು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿದ್ದು ನಿವೃತ್ತರಾದವರು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲೊಂದರ ಹಿಂದೆ ಮನೆ. ಠಾಣೆಗೆ ಹೇಳಲಾಗದ ಸಂಗತಿಗಳನ್ನು ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಜನ ಅವರ ಜಗುಲಿಗೆ ತರುತ್ತಿದ್ದರು. ಅವರ ಹಿಂದೆ, ಅವರನ್ನು ಕರೆತಂದ ಚಿಕ್ಕೀರಪ್ಪನ ಹೆಂಡತಿ ಕೆಂಚಕ್ಕ ಇದ್ದಳು. ಒಳಗೆ ಕರೆದರೂ ಬರಲಿಲ್ಲ, ಅಂಗಳದಲ್ಲೇ ನಿಂತಳು. ಚಿರಂಜೀವಿ ಮೊಳಕಾಲ್ಮೂರಿನ ತನ್ನ ಮೋಟಾರು ರಿಪೇರಿ ಅಂಗಡಿಗೆ ಹೋಗಿದ್ದ. ಅವನ ಹೆಂಡತಿ ಸ್ವಪ್ನ ಚಹಾ ಇಟ್ಟು ಒಳಗೆ ಹೋದಳು.

"ಸರ ಕೈಚೀಲದಾಗಿತ್ತು ಅಂತ ಬರೆಸೀರಿ," ಎಂದರು ದೊಡ್ಡಪಾಲಯ್ಯ. "ನೀವಿಬ್ರೂ ನೆಲ ಅಗೆಯೋದನ್ನ ಚಿಕ್ಕೀರಪ್ಪ ನೋಡ್ಯಾನಂತೆ. ಯಾವುದು ನಿಜ, ಅವ್ವ?"

ಕಾಂಚನಾ ಅಂಗಳದ ಕಡೆ ನೋಡಿದಳು. ಕೆಂಚಕ್ಕ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಆಮೇಲೆ ಕಾಂಚನಾ ಎಲ್ಲವನ್ನೂ ಹೇಳಿದಳು.

ಗಾಲ್ವೇಯಲ್ಲಿ ಅಪ್ಪನ ಹತ್ತಿರ ಬಿಟ್ಟು ಬಂದಿದ್ದ ಅವಳ ಮಗನಿಗೆ ನಾಲ್ಕು ವರ್ಷ, ಇನ್ನೂ ಮಾತು ಬಂದಿರಲಿಲ್ಲ. ಗಾಲ್ವೇಯಲ್ಲಿ ಕನ್ನಡದವರು ಹಬ್ಬಕ್ಕೆ ಸೇರಿದರೆ ಬೇರೆಯವರ ಮಕ್ಕಳು ಶ್ಲೋಕ ಹೇಳುತ್ತಿದ್ದವು. ಇವಳು ಮಗನಿಗೆ ನೆಗಡಿ ಎಂದು ನೆಪ ಹೇಳಿ ಮನೆಯಲ್ಲೇ ಉಳಿಯುತ್ತಿದ್ದಳು. ಗಂಡ ಬಾಲರಾಜ್ ಸಿಗುತ್ತಿದ್ದುದು ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗುವ ನಡುವೆ. ಊರಿಗೆ ಫೋನ್ ಮಾಡಿದರೆ ಎಲ್ಲ ಚೆನ್ನಾಗಿದೆ ಎನ್ನಬೇಕು. ಹೊರದೇಶಕ್ಕೆ ಹೋದವಳು ಸೋತಿದ್ದಾಳೆ ಅಂತ ಯಾರಿಗೂ ಗೊತ್ತಾಗಬಾರದು. ಆಗ ಗೊತ್ತಿಲ್ಲದ ನಂಬರಿನಿಂದ ಫೋನಿಗೆ ಒಬ್ಬ ಅಜ್ಜಯ್ಯನ ಮೆಸೇಜು ಬಂತು. ವಿಭೂತಿ ಬಳಿದ ಮುಖದ ಫೋಟೊ. ಮೌನವ್ರತವಂತೆ, ಬರೆಯುತ್ತಾನೆಯೇ ಹೊರತು ಮಾತಾಡುವುದಿಲ್ಲ. ಮೊದಲು ಕೇಳಿದ್ದು, "ಉಂಡ್ಯಾ ತಾಯಿ?"

"ಆ ಊರಲ್ಲಿ ಅಷ್ಟು ವರ್ಷ ಇದ್ದೀನಿ ಸರ್, ಯಾರೂ ಹಂಗೆ ಕೇಳಿರಲಿಲ್ಲ," ಎಂದಳು ಕಾಂಚನಾ. "ನಮ್ಮ ಆಸ್ಪತ್ರೆಯ ಡಾಕ್ಟರೊಬ್ಬರು ಹೈದರಾಬಾದಿನವರು, ಅವರೂ ಅಂಗಿ ತೋಳಿನೊಳಗೆ ಮಂತ್ರಿಸಿದ ದಾರ ಕಟ್ಕೊಂಡಿದ್ದರು. ನಾನು ನೋಡಿದೆ ಅಂತ ಅವರಿಗೆ ನಾಚಿಕೆಯಾಯ್ತು. ನನ್ನ ಕೈಲೂ ಅಂಥದೇ ಒಂದು ಐತೆ ಅಂತ ನಾನು ಹೇಳಲಿಲ್ಲ."

"ನಂಬಿದ್ದು ಯಾಕೆ?"

"ಮಗ ಕೂಸಾಗಿದ್ದಾಗ ನಾನು ಪಾಳಿ ಮುಗಿಸಿ ಬಂದು ಮಲಗಿಬಿಟ್ಟೆ. ಅವನು ಮಂಚದಿಂದ ಬಿದ್ದ. ಗಂಡನಿಗೂ ಹೇಳಿಲ್ಲ. ಅಜ್ಜಯ್ಯ ಅದನ್ನೇ ಬರೆದ, ಬಿದ್ದ ದಿನವೇ ಮಾತು ಕಟ್ಟಿತು ಅಂತ. ಮಾತು ಕಲಿಸೋ ಟೀಚರನ್ನ ಬಿಡಿಸು ಅಂದ. ಬಿಡಿಸಿದೆ. ಅವ್ವನ ಕೊರಗು ಸರದಲ್ಲಿ ಕೂತೈತೆ, ವಾರ ಭೂಮಿಯಲ್ಲಿಟ್ಟು ಮಗನ ಕೊರಳಿಗೆ ಹಾಕು ಅಂದ. ಹೂಳೋ ಮುಂಚೆ ನಾನು ಅದನ್ನ ಕಣ್ಣಿಂದ ನೋಡಬಾರದಂತೆ, ಸರ ಇದ್ದದ್ದು ತಮ್ಮನ ಹತ್ರ, ಅವನ ಕೈಲೇ ಕಟ್ಟಿಸಬೇಕಂತೆ."

"ಮಗು ಬಿದ್ದದ್ದು ಯಾರಿಗೂ ಹೇಳಿಲ್ಲ?"

"ಬದುಕಿರೋರಿಗೆ ಯಾರಿಗೂ ಹೇಳಿಲ್ಲ."

ದೊಡ್ಡಪಾಲಯ್ಯ ಚಹಾದ ಲೋಟ ಕೆಳಗಿಟ್ಟರು. "ಸತ್ತೋರಿಗೆ?"

ಕಾಂಚನಾ ತನ್ನ ಫೋನು ಕೈಗೆತ್ತಿಕೊಂಡು ಹೇಳಿದಳು. ಅವ್ವ ತೀರಿಕೊಂಡಾಗ ಅವಳಿಗೆ ಬರಲಾಗಿರಲಿಲ್ಲ. ಆಮೇಲೆ ಮನಸ್ಸು ತಡೆಯದಾದಾಗಲೆಲ್ಲ ಅವ್ವನ ವಾಟ್ಸಾಪ್ ನಂಬರಿಗೆ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು.

"ಅವ್ವನ ಫೋನು ಎಲ್ಲೈತೆ?"

"ಮಣ್ಣು ಮಾಡುವಾಗ ಜೊತೆಗೇ ಇಟ್ಟೆವು ಅಂದಿದ್ದ ಚಿರು."

ದೊಡ್ಡಪಾಲಯ್ಯ ಅವಳ ಫೋನು ಇಸಿದುಕೊಂಡು ನೋಡಿದರು. ಪ್ರತಿ ಮಾತಿನ ಕೆಳಗೂ, ಆ ಕಡೆ ತಲುಪಿದೆ ಎನ್ನುವ ಎರಡು ಟಿಕ್ ಇದ್ದವು. ಕಾಂಚನಾ ಅವನ್ನು ಎಷ್ಟೋ ಸಲ ನೋಡಿದ್ದಳು. ಯೋಚಿಸಿರಲಿಲ್ಲ, ಯೋಚಿಸಲು ಮನಸ್ಸೂ ಇರಲಿಲ್ಲ.

"ಈಗ ಅವ್ವಗೆ ಇನ್ನೊಂದು ಮಾತು ಕಳಿಸು," ಎಂದರು ಅವರು. "ಮಗನಿಗೆ ಜ್ವರ ಅಂತ. ಸುಳ್ಳೇ ಹೇಳು. ಇದನ್ನ ಬೇರೆ ಯಾರಿಗೂ ಹೇಳಬೇಡ, ಈ ಮನೆಯೋರಿಗೂ ಬೇಡ. ನಾಳೆ ಎಲ್ರೂ ಇಲ್ಲಿ ಸೇರೋಣ."

ಮರುದಿನ ನಡುಮನೆಯಲ್ಲಿ ಚಾಪೆ ಹಾಸಿತ್ತು. ದೊಡ್ಡಪಾಲಯ್ಯ ಹೇಳಿದ್ದಕ್ಕೆ ಸಬ್‌ಇನ್‌ಸ್ಪೆಕ್ಟರು ಚಿಕ್ಕೀರಪ್ಪನನ್ನು ಠಾಣೆಯಿಂದ ಕರೆತಂದಿದ್ದರು. ಅವನು ಗೋಡೆಗೆ ಒರಗಿ ಕೂತ. ಕೆಂಚಕ್ಕ ಈ ಸಲ ಹೊಸ್ತಿಲು ದಾಟಿ ಬಂದು ಅವನ ಪಕ್ಕ ಕೂತಳು.

"ಸರ ಇವನು ತೆಗೆದಿಲ್ಲ," ಎಂದು ದೊಡ್ಡಪಾಲಯ್ಯ ಶುರುಮಾಡುತ್ತಿದ್ದಂತೆ ಚಿರಂಜೀವಿ ಎದ್ದು ನಿಂತ.

"ಕಳ್ಳನ್ನ ಮನಿಗೆ ಕರ್ಕಂಬಂದು ಕೂರಿಸೀರಲ್ಲ, ಸರಿನಾ ಇದು? ಅಲ್ಲಿ ಅಕ್ಕನ ಮಗ ಜ್ವರದಾಗೆ ಬಿದ್ದಾನೆ. ಆಕಿ ಹೊರಡೋದು ನೋಡಬೇಕೋ ನಿಮ್ಮ ಪುರಾಣ ಕೇಳಬೇಕೋ?"

"ಯಾವ ಜ್ವರ?" ಎಂದಳು ಸ್ವಪ್ನ. "ನಂಗ್ಯಾರೂ ಹೇಳಿಲ್ವಲ್ಲ."

ಚಿರಂಜೀವಿ ಅಕ್ಕನ ಮುಖ ನೋಡಿದವನು ಮತ್ತೆ ಚಾಪೆಯ ಮೇಲೆ ಕೂತ.

"ಜ್ವರ ಇಲ್ಲ," ಎಂದರು ದೊಡ್ಡಪಾಲಯ್ಯ. "ಆ ಸುಳ್ಳು ಹೋದದ್ದು ಒಂದೇ ನಂಬರಿಗೆ, ಇವರ ಅವ್ವನ ನಂಬರಿಗೆ. ಅದು ನಿನಗೆ ಗೊತ್ತೈತೆ ಅಂದ್ರೆ ಆ ಫೋನು ನಿನ್ನ ಹತ್ರ ಐತೆ. ಮಣ್ಣಿನಾಗಿರೋ ಫೋನಿಗೆ ಎರಡು ಟಿಕ್ ಬರಲ್ಲ. ಮಗು ಬಿದ್ದ ಸಂಗತಿ ಇದ್ದದ್ದೂ ಅದರಲ್ಲೇ. ಅದನ್ನ ಕೇಳಿದೋನು ಬಿಟ್ರೆ ಬೇರೆ ಯಾರೂ ಅಜ್ಜಯ್ಯ ಆಗಾಕೆ ಸಾಧ್ಯ ಇಲ್ಲ. ಮೌನವ್ರತ ಯಾಕೆ? ದನಿ ಕೇಳಿದ್ರೆ ಅಕ್ಕ ಗುರುತು ಹಿಡೀತಿದ್ಲು."

"ಮತ್ತೆ ಸರ?" ಎಂದರು ಸಬ್‌ಇನ್‌ಸ್ಪೆಕ್ಟರು.

"ಮಡಕೆಯ ಗಂಟು ಬಿಚ್ಚಿಲ್ಲ, ಈಯಮ್ಮ ಹಾಕಿದಂಗೇ ಇತ್ತು. ಅಂದ್ರೆ ಕಲ್ಲು ಸೇರಿದ್ದು ನೆಲಕ್ಕೆ ಹೋದಮೇಲಲ್ಲ, ಹೋಗೋ ಮುಂಚೆ. ಪೊಟ್ಟಣ ಕಟ್ಟಿದ್ದು ತಮ್ಮ. ಈಯಮ್ಮ ಊರಿಗೆ ಬಂದಮೇಲೆ ಸರವನ್ನ ಕಂಡೇ ಇಲ್ಲ. ಕಣ್ಣಿಂದ ನೋಡಬೇಡ ಅನ್ನೋ ಕಟ್ಟಳೆ ಯಾರಿಗೆ ಬೇಕು? ಸರ ಆಗಲೇ ಕೈಬಿಟ್ಟು ಹೋಗಿರೋನಿಗೆ."

ಚಿರಂಜೀವಿ ಮುಖ ಮುಚ್ಚಿಕೊಂಡ. ಅವನು ಒತ್ತೆಯಿಟ್ಟಿದ್ದ ಸರ ಬಿಡಿಸಿಕೊಳ್ಳಲಾಗದೆ ಹರಾಜಾಗಿತ್ತು. ಈ ಸಲ ಬಂದಾಗ ನಿನ್ನ ಸರ ಒಯ್ತೀನವ್ವ ಎಂದು ಅಕ್ಕ ಕಳಿಸಿದ್ದ ಮಾತು ಕೇಳಿಸಿಕೊಂಡು ಅವನು ಹೆದರಿದ್ದ.

"ಫೋನು ಮೊದ್ಲು ಇಟ್ಕಂಡಿದ್ದು ಅದಕ್ಕಲ್ಲಕ್ಕ," ಎಂದ. "ನನ್ನ ಹತ್ರ ಮಾತಾಡುವಾಗ ಎಲ್ಲಾ ಚೆನ್ನಾಗೈತೆ ಅಂತಿದ್ದೆ. ಅವ್ವನ ಹತ್ರ ಅಳ್ತಿದ್ದೆ. ಸತ್ತೋಳಿಗೆ ಹೇಳ್ತೀಯ, ನಂಗೆ ಹೇಳಲ್ಲ. ಉಂಡ್ಯಾ ಅಂತ ಕೇಳಬೇಕು ಅನ್ನಿಸ್ತು. ನಾನು ಅಂತ ಹೇಳಿದ್ರೆ ಫೋನು ಕದ್ದು ಕೇಳ್ತಿದ್ದೆ ಅಂತ ತಿಳೀತಿತ್ತು. ಅದಕ್ಕೆ ಅಜ್ಜಯ್ಯ ಆದೆ. ಆಮೇಲೆ ನಾನು ಏನು ಹೇಳಿದ್ರೂ ನೀನು ಕೇಳ್ತಿದ್ದೆ."

"ಟೀಚರನ್ನ ಯಾಕೋ ಬಿಡಿಸಿದೆ?"

"ಟೀಚರಿಂದ ಮಾತು ಬಂದಿದ್ರೆ ಅಜ್ಜಯ್ಯ ಯಾಕೆ ಬೇಕಿತ್ತು?"

ಕಾಂಚನಾ ಅವನ ಕೆನ್ನೆಗೆ ಹೊಡೆಯಲು ಎದ್ದಳು. ಕೈ ಏಳಲಿಲ್ಲ. ಗೋಡೆಗೆ ಒರಗಿದ್ದ ಚಿಕ್ಕೀರಪ್ಪ ಅವಳನ್ನೇ ನೋಡುತ್ತಿದ್ದ. ಸರ ಕದ್ದವನು ತಮ್ಮ. ಆದರೆ ಠಾಣೆಯಲ್ಲಿ ಹೌದು ಎಂದವಳು ತಾನು.

ಅವಳು ಸಬ್‌ಇನ್‌ಸ್ಪೆಕ್ಟರ ಮುಂದೆ ಬಂದು ನಿಂತಳು. "ನಾನು ಬರೆಸಿದ್ದು ಸುಳ್ಳು ಸರ್. ಗೊತ್ತಿದ್ದೇ ಹೇಳಿದೆ. ನಾಚಿಕೆಗೆ ಹೇಳಿದೆ."

ಅವರು ಚಿರಂಜೀವಿಯನ್ನು ಜೀಪಿಗೆ ಹತ್ತಿಸಿದರು. ಕಾಂಚನಾ ಬಾಲರಾಜನಿಗೆ ಫೋನ್ ಮಾಡಿ ಮಂಚದ ಸಂಗತಿ ಹೇಳಿದಳು, ಟೀಚರನ್ನು ಮತ್ತೆ ಕರೆಸಲು ಹೇಳಿದಳು. ಆಮೇಲೆ ಅಂಗಳಕ್ಕೆ ಬಂದು, ಗಂಡನ ಜೊತೆ ಹೊರಟಿದ್ದ ಕೆಂಚಕ್ಕನ ಕಾಲಿಗೆ ಬಗ್ಗಿದಳು.

ಕೆಂಚಕ್ಕ ಹಿಂದೆ ಸರಿದಳು. "ನಂಗ್ಯಾಕವ್ವ? ನಂಗೆ ಮೊದ್ಲೇ ಗೊತ್ತಿತ್ತು ಅವನು ಕದ್ದಿಲ್ಲ ಅಂತ. ಕೊರಳಪಟ್ಟಿ ಹಿಡಿದು ಎಳಕಂಡು ಹೋಗಿದ್ದು ಹಟ್ಟಿ ಮುಂದೆ. ನೋಡ್ದೋರ ಮುಂದೆ ಹೇಳು."

ಆ ಮಧ್ಯಾಹ್ನ ಕಾಂಚನಾ ಹಟ್ಟಿಯ ಚಹಾದಂಗಡಿಯ ಮುಂದೆ ನಿಂತಳು. ಬೆಂಚಿನ ಮೇಲೆ ಕೂತಿದ್ದವರು ಮಾತು ನಿಲ್ಲಿಸಿದರು. ಐರ್ಲೆಂಡಿನ ನರ್ಸು ಎಂದು ಯಾರೋ ಗುಸುಗುಸು ಅಂದರು. ಅಜ್ಜಯ್ಯನಿಂದ ಶುರುಮಾಡಿ ಮಡಕೆಯವರೆಗೆ, ಮಡಕೆಯಿಂದ ಠಾಣೆಯವರೆಗೆ ಎಲ್ಲವನ್ನೂ ಹೇಳಿದಳು. ನಡುವೆ ಒಬ್ಬ ನಕ್ಕ. ಅವಳು ನಿಲ್ಲಿಸಲಿಲ್ಲ. ಹೇಳಿ ಮುಗಿಸಿದಾಗ ಹಿಂದಿನ ಸಾಲಿನ ಒಬ್ಬ ಮುದುಕ ಕಿವಿಗೆ ಕೈಯಿಟ್ಟು, "ಏನಂದೆ ತಾಯಿ? ಕೇಳಿಸಲಿಲ್ಲ," ಎಂದ.

ಅವಳು ಇನ್ನೂ ಮುಂದೆ ಬಂದು, ದನಿಯೆತ್ತಿ, ಮೊದಲಿನಿಂದ ಹೇಳತೊಡಗಿದಳು.