ಮೂಲೆಯಲ್ಲಿ ಉಳಿದ ತಾರೀಖು

"ಇಡೀ ಕ್ಲಾಸಿನ ಅನ್ನಕ್ಕೆ ಮಣ್ಣು ಹಾಕಿದವನು ಇವನೇ. ನೋಡ್ಕೊಳ್ಳಿ ಎಲ್ಲರೂ, ಮುಖ ಮಾತ್ರ ಹಸುವಿನದು," ಎಂದರು ಮೇಷ್ಟ್ರು.

ಎಲ್ಲರೂ ಕಡ್ಡಿ ಎಂದೇ ಕರೆಯುವ ಹುಡುಗ ತಲೆ ತಗ್ಗಿಸಿ ನಿಂತ. ತರಗತಿಯವರೆಲ್ಲ ಆನ್‌ಲೈನಿನ ಒಂದೇ ಪುಟದಲ್ಲಿ ಕೂಡಿ ಬರೆದಿದ್ದ ಪ್ರಬಂಧವನ್ನು ಯಾರೋ ಅಳಿಸಿದ್ದರು. ಹಳೆಯ ಪ್ರತಿಯನ್ನು ವಾಪಸ್ ತಂದದ್ದಾಗಿತ್ತು. ಆದರೆ ಅಳಿಸಿದ್ದು ಕಡ್ಡಿಯ ಖಾತೆಯಿಂದ ಎಂದು ಆ ಪುಟವೇ ಚಾಡಿ ಹೇಳುತ್ತಿತ್ತು. ಸಂಜೆ ಎಲ್ಲರೆದುರು ಕ್ಷಮೆ ಕೇಳದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಗುಡುಗಿದ ಮೇಷ್ಟ್ರು, ಎಂದಿನಂತೆ ಕಪ್ಪುಹಲಗೆ ಒರೆಸಿ, ಮೂಲೆಯ ತಾರೀಖನ್ನಷ್ಟೇ ಉಳಿಸಿ, ಕೈಯ ಪುಡಿ ಕೊಡವಿಕೊಂಡು ಹೊರಟರು.

ಕಡ್ಡಿಗೆ ಉಳಿದಿದ್ದವನು ಮೂಗಣ್ಣನೊಬ್ಬನೇ. ಹಾಸ್ಟೆಲಿನಲ್ಲಿ ಯಾರ ಸೋಪು ಕಳೆದರೂ, ಯಾರ ಪ್ರೇಮ ಮುರಿದರೂ ಮೂಗು ತೂರಿಸಿ ಪತ್ತೆಹಚ್ಚುವ ಸಹಪಾಠಿ ಅವನು.

"ನೀನೇ ಅಳಿಸಿದ್ಯೇನೋ?"

"ಲೋ, ನಾನ್ ಬರ್ದಿದ್ದೂ ಅದ್ರಲ್ಲೇ ಇತ್ತಲ್ಲೋ."

"ಅದನ್ನ ಓದಿದ್ದೀನಿ. ಅಳಿಸೋಕೆ ಅದೇ ಸಾಕು ಕಾರಣ. ಹೋಗ್ಲಿ, ಮೊನ್ನೆ ಆ ಪುಟಾನ ಕ್ಲಾಸಿನ ಕಂಪ್ಯೂಟರಿಂದ ಪ್ರೊಜೆಕ್ಟರ್ ಹಾಕಿ ಗೋಡೆ ಮೇಲೆ ಎಲ್ರಿಗೂ ತೋರಿಸಿದ್ಯಲ್ಲ, ಲಾಗೌಟ್ ಆದ್ಯಾ?"

ಕಡ್ಡಿ ಹಣೆ ಚಚ್ಚಿಕೊಂಡ. "ಊಟದ ಬೆಲ್ ಆಗಿತ್ತು. ಓಡ್ಬಿಟ್ಟೆ."

ಮೂಗಣ್ಣ ಫೋನಿನಲ್ಲಿ, ಮೊನ್ನೆ ಅಳಿಸಿದ ಮೇಲೆ ಪುಟ ಹೇಗಿತ್ತೆಂದು ತೋರಿಸುವ ಪ್ರತಿಯನ್ನು ತೆರೆದ. ಪುಟವೆಲ್ಲ ಬೋಳು, ಮೂಲೆಯಲ್ಲೊಂದು ತಾರೀಖು. ಅವನು ಸಣ್ಣಗೆ ಶಿಳ್ಳೆ ಹಾಕಿದ.

ಸಂಜೆ ಎಲ್ಲರೂ ಸೇರಿದಾಗ ಅವನೇ ಎದ್ದು ನಿಂತ.

"ಸಾರ್, ಹೊಟ್ಟೆಕಿಚ್ಚಿಗೆ ಅಳಿಸೋನು ಗುಡಿಸಿ ಗುಂಡಾಂತರ ಮಾಡ್ತಾನೆ. ಇಲ್ಲಿ ತಾರೀಖು ಉಳಿಸಿದ್ದಾರೆ. ಅಳಿಸಿದ್ದು ಊಟದ ಬೆಲ್ ಆದ್ಮೇಲೆ ಅಂತ ಪುಟಾನೇ ಹೇಳುತ್ತೆ. ಆಗ ಕಡ್ಡಿ ಮೆಸ್ಸಲ್ಲಿ ನನ್ನ ತಟ್ಟೆಗೆ ಕೈ ಹಾಕ್ತಿದ್ದ. ಅವ್ನ ಖಾತೆ ಮಾತ್ರ ಈ ರೂಮಲ್ಲಿ ತೆರೆದೇ ಇತ್ತು. ಕೊನೇಲಿ ರೂಮ್ ಬಿಡೋದು ಯಾರು ಸಾರ್?"

"ನಾನೇ. ಮುಂದಿನವರಿಗೆ ಹಲಗೆ ಚೊಕ್ಕಟವಾಗಿರ್ಲಿ ಅಂತ..."

ಎಲ್ಲರ ಕಣ್ಣೂ ಹಲಗೆಯ ಮೂಲೆಗೆ ಹೋದವು.

"ಕಂಪ್ಯೂಟರಲ್ಲಿ ಅಳಿಸಿದ್ರೆ ಗೋಡೆ ಮೇಲೆ ಬಿದ್ದಿದ್ದಷ್ಟೇ ಹೋಗುತ್ತೆ ಅಂದ್ಕೊಂಡಿದ್ದೆ ಕಣ್ರಪ್ಪಾ," ಎಂದರು ಮೇಷ್ಟ್ರು.

ತರಗತಿ ಬಿದ್ದು ಬಿದ್ದು ನಕ್ಕಿತು. ಕಡ್ಡಿ ಮಾತ್ರ ನಗಲಿಲ್ಲ.

ಮೇಷ್ಟ್ರು ಕೆಂಪೇರಿದ ಕಿವಿಗಳನ್ನು ಹೊತ್ತು ಅವನತ್ತ ತಿರುಗಿದರು. "ಮನಸ್ಸಿಗೆ ಹಚ್ಕೋಬೇಡಪ್ಪ. ಪರೀಕ್ಷೆಗೆ ಬರ್ತೀಯ ತಾನೇ?"

ಕಡ್ಡಿ ಹಲಗೆಯ ಬಳಿಗೆ ಹೋದ. ಡಸ್ಟರ್ ಎತ್ತಿಕೊಂಡು ಆ ತಾರೀಖನ್ನೂ ಒರೆಸಿದ. ಡಸ್ಟರನ್ನು ಮೇಷ್ಟ್ರ ಮುಂದಿಟ್ಟು, ತಿರುಗಿಯೂ ನೋಡದೆ ಬಾಗಿಲು ದಾಟಿದ.