ಜಪಾನಿ ಹೂವಿನ ಗ್ಲಾಸು

ಇಫ್ತಾರಿನ ತೋಪು ಹಾರಿದ ಸ್ವಲ್ಪ ಹೊತ್ತಿಗೆ ಬಟ್ಟೆ ವ್ಯಾಪಾರಿ ಅಬ್ದುಲ್ ಕರೀಮನ ಮನೆಯಿಂದ ಕೂಗು ಕೇಳಿತು.

ಮೂವತ್ತೆಂಟನೆಯ ಇಸವಿಯ ರಂಜಾನ್. ಕಲ್ಯಾಣದ ಓಣಿಯ ಹೆಂಗಸರು ಕೈಯಲ್ಲಿನ ಖರ್ಜೂರ ಕೈಯಲ್ಲೇ ಹಿಡಿದು ಓಡಿಬಂದರು. ಕರೀಮನ ಹೆಂಡತಿ ಫಕ್ರುನ್ನೀಸಾ ಕೋಣೆಯ ಮಂಚದ ಮೇಲೆ ಸತ್ತು ಮಲಗಿದ್ದಳು. ಇಪ್ಪತ್ತೆರಡು ವರ್ಷ. ತಲೆಯ ಪಕ್ಕದಲ್ಲಿ ಒಂದು ಗ್ಲಾಸು. ಅದರಲ್ಲಿ ಅರಳಿನಿಂತ ಕಾಗದದ ಹೂವು. ಹೂವಿನ ಬಣ್ಣ ಬಿಟ್ಟು ನೀರು ಕೆಂಪಗಾಗಿತ್ತು. ಗ್ಲಾಸು ಅಂಚಿನವರೆಗೂ ತುಂಬಿತ್ತು.

"ತೋಪು ಹಾರಿತು, ಈ ನೀರ ಕುಡದಳು, ಬಿದ್ದಳು," ಎಂದಳು ಅತ್ತೆ ಹಜಿರಾ ಬೀ. "ನನ್ನ ಕಣ್ಣ ಮುಂದ. ಆ ಜಪಾನಿ ಹೂವಿನಾಗ ವಿಷ ಇತ್ತು."

ಅಂಥ ಹೂವು ಊರಿನಲ್ಲಿ ಮಾರುವವನು ಒಬ್ಬನೇ, ಮೊಹಿನುದ್ದೀನ್. ವಾರಕ್ಕೊಮ್ಮೆ ಹುಮನಾಬಾದಿಗೆ ಹೋಗುತ್ತಿದ್ದ. ಸೊಲ್ಲಾಪುರದ ಮೋಟಾರಿನಲ್ಲಿ ಬಂದ ಪೆಟ್ಟಿಗೆಗಳನ್ನು ಕೆದಕಿ, ಬೇರೆಯವರ ಕಣ್ಣಿಗೆ ಬೀಳದ ಪುಟ್ಟ ಸಾಮಾನು ಆರಿಸುತ್ತಿದ್ದ. ರಂಗೂನಿನ ಬೆರಳುದ್ದದ ಛತ್ರಿ. ಸಿಂಗಾಪುರದ ಕವಡೆಯ ಕಪ್ಪೆ. ನೀರಿಗೆ ಹಾಕಿದರೆ ಅರಳುವ ಜಪಾನಿನ ಕಾಗದದ ಗುಳಿಗೆ. ಗೋಷಾದ, ಪರದೆಯೊಳಗಿನ ಹೆಂಗಸರು ಅಂಗಡಿಗೆ ಬರುವುದಿಲ್ಲ. ಅವರ ಮನೆಯೊಳಗೆ ಬುಟ್ಟಿ ಒಯ್ಯುವವಳು ಮಗಳು ಲತೀಫಾ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ಕಡಿಮೆ. ನೋಡುವುದು ಹೆಚ್ಚು.

ಹೆಂಗಸರ ಹಿಂದೆ ನಿಂತು ಅವಳು ಆ ಗ್ಲಾಸನ್ನು ನೋಡಿದಳು.

ಮರುದಿನ ಬೆಳಿಗ್ಗೆ ಅವಳ ಅಪ್ಪನನ್ನು ಹುಮನಾಬಾದಿನ ಮೋಟಾರ್ ನಿಲ್ಲುವ ಜಾಗದಲ್ಲೇ ಹಿಡಿದು ತಂದರು.

* * *

"ಹೂವು ಅಬ್ಬಾ ಕೊಟ್ಟಿದ್ದಲ್ರಿ, ನಾ ಕೊಟ್ಟೀನಿ," ಎಂದಳು ಲತೀಫಾ, ಠಾಣೆಯ ಕಟ್ಟೆಯ ಕೆಳಗೆ ನಿಂತು.

ಠಾಣೆಯ ಅಧಿಕಾರಿ ಅಮೀನ್ ಸಿರಾಜುದ್ದೀನ್ ಬುರ್ಖಾದ ಕಡೆ ನೋಡಿ ನಕ್ಕ. "ಹಂಗಾದ್ರ ನೀನೂ ಒಳಗ ಬಾ. ಜಾಗಾ ಭಾಳ ಐತಿ."

ಒಳಗಿನಿಂದ ಒಂದು ನರಳಾಟ ಕೇಳಿತು. ಅಪ್ಪನ ದನಿ ಎಂದು ಗುರುತಿಸಲು ಅವಳಿಗೆ ಕ್ಷಣ ಹಿಡಿಯಿತು.

"ನಿಮ್ಮಪ್ಪ ಒಪ್ಪವಲ್ಲ. ನಾಳೆ ಬೀದರಕ್ಕ ಕಳಸ್ತೀನಿ. ಅಲ್ಲಿ ಒಪ್ಪಸ್ತಾರ, ಆಮ್ಯಾಲ ಫಾಸಿ. ಹೇಳೂದಿದ್ರ ಇವತ್ತ ಹೇಳು."

ಹೇಳುವುದಿತ್ತು. ಆದರೆ ಗಂಡಸರ ಮುಂದೆ ಬಾಯಿಗೆ ಬರುವ ಮಾತಲ್ಲ ಅದು. ಯಾರಿಗೂ ಹೇಳುವುದಿಲ್ಲ ಎಂದು ಫಕ್ರುನ್ನೀಸಾಳಿಗೆ ಅವಳಿದ್ದಾಗ ಆಣೆಯನ್ನೂ ಕೊಟ್ಟಿದ್ದಳು.

ಮೊದಲು ಲತೀಫಾಳಿಗೆ ಸತ್ತವಳ ಗಂಡನ ಮೇಲೇ ಅನುಮಾನ. ನಾಲ್ಕು ವರ್ಷವಾದರೂ ಮಕ್ಕಳಿಲ್ಲ. ಕರೀಮನಿಗೆಂದು ಹುಮನಾಬಾದಿನ ಹುಡುಗಿಯೊಬ್ಬಳನ್ನು ನೋಡಿದ್ದರು. ಸವತಿ ಇರುವ ಮನೆಗೆ ಕೊಡುವುದಿಲ್ಲ ಎಂದಿದ್ದರಂತೆ ಹುಡುಗಿಯ ಮನೆಯವರು. ಆದರೆ ಕರೀಮ ಬೆಳಿಗ್ಗೆಯಿಂದ ತೋಪು ಹಾರುವವರೆಗೂ ಅಂಗಡಿ ಬಿಟ್ಟಿರಲಿಲ್ಲ. ಈದಿನ ಬಟ್ಟೆಗೆ ಬಂದ ಗಿರಾಕಿಗಳೆಲ್ಲ ಸಾಕ್ಷಿ.

ಲತೀಫಾ ಹೆಣ ತೊಳೆಯುವ ಮಾಬೂಬಿಯ ಮನೆಗೆ ಹೋದಳು.

"ಮಯ್ಯತ್ತಿನ ಮೈಮ್ಯಾಲ ಕಂಡದ್ದು ಹೊರಗ ಹೇಳಬಾರದು ಬೇಟಿ," ಎಂದಳು ಮುದುಕಿ.

"ಸುಮ್ಮನಿದ್ರ ನಮ್ಮ ಅಬ್ಬಾನ ಹೆಣಾನೂ ನಿಮ್ಮ ಗಂಡನೇ ತೊಳೀಬೇಕಾಗ್ತದ, ಖಾಲಾ."

ಮಾಬೂಬಿ ತನ್ನ ಕೈಗಳನ್ನು ನೋಡಿಕೊಂಡಳು.

"ಆಕಿ ಉಗುರೆಲ್ಲ ಮುರದಿದ್ದವು. ಒಳಗ ಹಸಿರು ಬಣ್ಣದ ಚಕ್ಕಿ. ಕಡ್ಡೀಲೆ ತಗದೆ."

* * *

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅಮೀನ ಕರೀಮನ ಮನೆಗೆ ಬಂದ. ಮಾಬೂಬಿಯೂ ಲತೀಫಾಳೂ ಹೋಗಿ ಕರೆದದ್ದಕ್ಕೆ ಬಂದಿದ್ದ. ಪರದೆಯ ಆಚೆ ಅವನು, ಕರೀಮ, ಓಣಿಯ ನಾಲ್ಕಾರು ಗಂಡಸರು. ಈಚೆ ಹೆಂಗಸರು. ಲತೀಫಾ ಕೂತದ್ದು ಹಜಿರಾ ಬೀಯ ಪಕ್ಕದಲ್ಲೇ. ಮುದುಕಿಯ ಜಪಮಾಲೆಯ ಮಣಿ ಉರುಳುವ ಸದ್ದು ಕೇಳುತ್ತಿತ್ತು.

"ಹೇಳವಾ," ಎಂದ ಅಮೀನ.

"ತೋಪು ಹಾರಿದ ಮ್ಯಾಲ ಆ ನೀರ ಕುಡದಿದ್ರ ಗ್ಲಾಸು ಹ್ಯಾಂಗ ತುಂಬಿತ್ರಿ? ನೀವೂ ನೋಡೀರಿ. ಹೂವಿನ ಬಣ್ಣ ಅಷ್ಟು ಬಿಡಾಕ ಮೂರು ನಾಕು ತಾಸು ಬೇಕು. ಆ ಹೂವು ಮಧ್ಯಾಹ್ನ ನನ್ನ ಮುಂದ ಅರಳಿದ್ದು. ಆಕೀನೇ ನೀರಿಗೆ ಹಾಕಿದಳು. ಕೂಸಿನಂಗ ಚಪ್ಪಾಳಿ ತಟ್ಟಿದಳು."

"ಹಂಗಾದ್ರ ವಿಷ ಹೊಟ್ಟಿಗೆ ಹೋಗಿದ್ದು ಯಾವಾಗ? ಹಗಲೆಲ್ಲ ರೋಜಾ ಇದ್ದಳಲ್ಲ."

ಪರದೆಯಾಚೆ ಗಂಡಸರು ಕೆಮ್ಮಿದರು.

"ರೋಜಾ ಇರಲಿಲ್ರಿ," ಎಂದಳು ಲತೀಫಾ. "ಮುಟ್ಟಿನ ದಿನ. ಆ ದಿನದಾಗ ಹೆಂಗಸರು ರೋಜಾ ಹಿಡಿಯೂ ಹಂಗಿಲ್ಲ. ಗಂಡಸರಿಗೆ ಗೊತ್ತಾಗದಂಗ ಬಾಗಿಲಾ ಹಾಕ್ಕೊಂಡು ಉಣ್ತೀವಿ. ಮಾಬೂಬಿ ಖಾಲಾನೂ ಮೈ ತೊಳೆಯುವಾಗ ನೋಡ್ಯಾಳ."

ಮಣಿಯ ಸದ್ದು ನಿಂತಿತು.

"ಬೇಶರಮ್, ನಾಚಿಕಿಲ್ಲದಾಕಿ," ಎಂದಳು ಹಜಿರಾ ಬೀ ಮೆಲ್ಲಗೆ.

"ಇಡೀ ಮನ್ಯಾಗ ಹಗಲು ಉಣ್ಣಾಕಿ ಆಕಿ ಒಬ್ಬಾಕಿ. ಅನ್ನದಾಗ ವಿಷ ಹಾಕಿದ್ರ ಮತ್ಯಾರೂ ಸಾಯೂದಿಲ್ಲ. ಮುಟ್ಟಿನ ಮಾತು ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ. ಕೊಂದಾಕಿಗೆ ಅದು ಗೊತ್ತಿತ್ತು. ನಾ ಹೋದಾಗ ಫಕ್ರುನ್ನೀಸಾನ ಮುಂದ ಖೀರಿನ ಬಟ್ಟಲಾ ಇತ್ರಿ. 'ನಾಕು ವರ್ಷದಾಗ ಮೊದಲನೇ ಸರ್ತಿ ಅತ್ತಿ ನನಗಂತ ಖೀರು ತಗದಿಟ್ಟಾಳ, ಲತ್ತೂ, ಒಂದು ಚಮಚಾ ತಿನ್ನು' ಅಂದಳು. ನನಗ ರೋಜಾ ಇತ್ತು. ತಿನ್ನಲಿಲ್ಲ."

"ಸುಳ್ಳು. ಆಕಿ ಉಣ್ಣಾಕಿ ಅಂತ ನನಗೇನ ಗೊತ್ತು?" ಎಂದಳು ಹಜಿರಾ ಬೀ.

"ದಿನಾ ಐದು ಹೊತ್ತು ನಿಮ್ಮ ಮಗ್ಗಲಕ ನಿಂತು ನಮಾಜ್ ಮಾಡಾಕಿ, ಮುಟ್ಟಿನಾಗ ನಮಾಜೂ ಇಲ್ಲಂತ ಮೂರು ದಿನ ನಿಂತಿರಲಿಲ್ಲ. ಗೊತ್ತಿರದ ಇರತದೇನ್ರಿ?" ಲತೀಫಾ ಪರದೆಯ ಕಡೆ ತಿರುಗಿದಳು. "ಆಕಿ ಕೋಣಿ ಬಾಗಿಲಾ ಗ್ವಾಡಿಗೆ ಆನಿಸೇ ಇಟ್ಟಾರ. ಅದನ್ನ ಎಳದು ಒಳಮಗ್ಗಲು ನೋಡ್ರಿ."

ಅಮೀನ ಎದ್ದು ಹೋದ. ಬಾಗಿಲು ಕಿರುಗುಟ್ಟಿತು. ಹಸಿರು ಬಣ್ಣದ ಮೇಲೆ ಎದೆಯೆತ್ತರಕ್ಕೆ ಗೀರುಗಳಿದ್ದವು. ಕೆಳಗೆ ಬಂದಂತೆ ಹೆಚ್ಚಾಗಿದ್ದವು. ಹೊಸ್ತಿಲ ಹತ್ತಿರ ಮರವೇ ಕಾಣುತ್ತಿತ್ತು.

"ಹೊರಗಿಂದ ಚಿಲಕ ಹಾಕಿದ್ರು," ಎಂದಳು ಲತೀಫಾ. "ಆಮ್ಯಾಲ ಮಂಚಕ್ಕ ಎಳದು ಹಾಕಿ, ತೋಪಿಗೆ ಕಾದ್ರು."

ಕರೀಮ ಪರದೆಯ ಕಡೆ ತಿರುಗಿದ. "ಅಮ್ಮಾ, ಅಂಗಡಿಗೆ ತಂದ ಇಲಿಪಾಷಾಣ ಹೋದ ಶುಕ್ರವಾರ ಜುಮ್ಮಾಕ್ಕ ನೀನ ಇಸಗೊಂಡಿದ್ದಿ."

ಹಜಿರಾ ಬೀ ಜಪಮಾಲೆಯನ್ನು ಮಡಿಸಿ ಪಕ್ಕಕ್ಕಿಟ್ಟಳು.

"ತಿಂಗಳಾ ತಿಂಗಳಾ ಎಣಿಸೀನಿ. ನಾಕು ವರ್ಷ. ಒಂದು ತಿಂಗಳರೆ ತಪ್ಪಲಿಲ್ಲ ಆ ದರಿದ್ರದಾಕಿಗೆ. ಹೊಟ್ಟ್ಯಾಗ ಕೂಸಿಲ್ಲ, ಕೈಯಾಗ ಆಟಿಗಿ." ಎದ್ದು ಬುರ್ಖಾ ಸರಿಮಾಡಿಕೊಂಡಳು. "ಕರೀಂ, ಈದ್ ಮುಗಿದ ಮ್ಯಾಲ ಹುಮನಾಬಾದದವರಿಗೆ ಹೇಳಿ ಕಳಸು. ಈಗ ಒಲ್ಲೆ ಅನ್ನೂದಿಲ್ಲ ಅವರು."

ಕರೀಮ ತಲೆ ಎತ್ತಲಿಲ್ಲ. ಇಲ್ಲವೆಂದೂ ಅನ್ನಲಿಲ್ಲ.

* * *

ಸಂಜೆಗೆ ಮೊಹಿನುದ್ದೀನನನ್ನು ಬಿಟ್ಟರು. ಠಾಣೆಯ ಮೆಟ್ಟಿಲನ್ನು ಅವನು ಕುಂಡಿಯ ಮೇಲೆ ಕೂತು ಇಳಿದ. ಅಂಗಾಲು ಊದಿ ನೆಲಕ್ಕೆ ಊರಲು ಬರುತ್ತಿರಲಿಲ್ಲ.

ಲತೀಫಾ ಅವನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಪೇಟೆಯವರು ನಿಂತು ನೋಡಿದರು. ಯಾರೂ ಹತ್ತಿರ ಬರಲಿಲ್ಲ.

"ಪರದೇದಾಗ ಕೂತು, ಅಷ್ಟೂ ಮಂದಿ ಗಂಡಸರಿಗೆ ಕೇಳೂಹಂಗ ಹೇಳಿದಿಯಂತ," ಎಂದ ಅಪ್ಪ.

"ಹೌದ್ರಿ ಅಬ್ಬಾ."

"ಹೇಳಬಾರದಿತ್ತು. ಇನ್ನ ನಿನ್ನ ಯಾವ ಮನಿ ಹೆಂಗಸರು ಒಳಗ ಬಿಟ್ಟುಕೊಳ್ತಾರ?"

ಅವನ ಭಾರವೆಲ್ಲ ಅವಳ ಮೇಲೆ ಬಿದ್ದಿತ್ತು. ಮನೆ ಇನ್ನೂ ನಾಲ್ಕು ಓಣಿ ದೂರ.

"ಕಾಲ ಎತ್ತಿ ಇಡ್ರಿ," ಎಂದಳು ಲತೀಫಾ.